ಎಕಂಬಾ ಸೇರ್ಪಡೆಯ ಬಗ್ಗೆ ಮೂರು ಎಕ್ಸ್‌ಟೆನ್ಶನ್‌ಗಳ ತುಲನಾ ವರದಿ

ಬೀದರ ಜಿಲ್ಲೆ ಔರಾದ ತಾಲೂಕಿನ ಎಕಂಬಾ ಗ್ರಾಮವು ಭೂಮಿಯ ಮೇಲೆ ಇದ್ದು, ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಬೀದರಿನ ವಾಸಸ್ಥಳ ದೃಢೀಕರಣ ಕೇಂದ್ರದವರು ಊರುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಮೊದಲು, ಪದ್ಧತಿಯಂತೆ, ಕಾಗದದ ಮೇಲೆ ಮುದ್ರಿಸಿ, ಪಂಚ್ ಮಾಡಿ, ಟ್ಯಾಗ್ ಕಟ್ಟಿ ಫೈಲಿಗೆ ಹಾಕಿದರು. ಪಂಚಿನ ತೂತು ಎಕಂಬಾದ ಮೇಲೆ ಬಿತ್ತು. ಟೈಪ್ ಮಾಡಿದವರು ಕಂಡದ್ದನ್ನು ಕಂಡಂತೆ ಟೈಪ್ ಮಾಡಿದರು. ತೂತನ್ನು ಟೈಪ್ ಮಾಡುವ ಸೌಲಭ್ಯ ಆ ಕೀಬೋರ್ಡಿಗೆ ಇರಲಿಲ್ಲ.

ನಾನು ಆ ಕೇಂದ್ರಕ್ಕೆ ಹೋದದ್ದು ನನ್ನದೇ ಒಂದು ಪ್ರಮಾಣಪತ್ರಕ್ಕೆ. ಎಂಟು ಹತ್ತು ದೇಶಗಳ ಕಚೇರಿಗಳಲ್ಲಿ ಕುಂತು ಎದ್ದವಳು ನಾನು, ಬೆಂಚು ನೋಡಿ ಕಚೇರಿಯ ಗುಣ ಹೇಳುತ್ತೇನೆ. ಇಲ್ಲಿಯ ಬೆಂಚು ನಟ್ಟನಡುವೆ ಸವೆದು ತಗ್ಗಾಗಿತ್ತು. ಆ ತಗ್ಗಿನಲ್ಲಿ ರೊಟ್ಟಿಯ ಗಂಟು ತೊಡೆ ಮೇಲಿಟ್ಟುಕೊಂಡು ಎಕಂಬಾದ ಶೇವಂತಾಬಾಯಿ ಕುಂತಿದ್ದರು.

ಅವರ ಊರಿನ ಅಂಗನವಾಡಿಗೆ ಸಹಾಯಕಿ ಬೇಕಾಗಿದ್ದಳು. ಅರ್ಜಿಗೆ ಮಾರ್ಚ್ ಮೂವತ್ತೊಂದು ಕಡೆಯ ದಿನ. ಅರ್ಜಿ ಹಾಕುವವಳು ಅದೇ ಊರಿನವಳು ಅನ್ನುವ ಪ್ರಮಾಣಪತ್ರ ಕಡ್ಡಾಯ. ಶೇವಂತಾಬಾಯಿ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಎಕಂಬಾದಲ್ಲೇ. ಆದರೆ ಕಂಪ್ಯೂಟರಿನಲ್ಲಿ ಔರಾದ ತಾಲೂಕು ಒತ್ತಿದರೆ ಬರುವ ಊರುಗಳಲ್ಲಿ ಎಕಂಬಾ ಇಲ್ಲ. ಊರು ಆರಿಸದೆ ಅರ್ಜಿ ಮುಂದಕ್ಕೆ ಸರಿಯುವುದಿಲ್ಲ. ಹೀಗಾಗಿ ಅವರು ಜನವರಿಯಿಂದ ಪ್ರತಿ ಮಂಗಳವಾರ ಬಸ್ಸು ಹತ್ತಿ ಬೀದರಿಗೆ ಬಂದು, ಬೆಂಚಿನ ಮೇಲೆ ಕುಂತು, ಸಂಜೆ ಬಸ್ಸಿಗೆ ವಾಪಸು ಹೋಗುತ್ತಿದ್ದರು.

ಕೇಂದ್ರದ ಏಕೈಕ ಪ್ರೋಗ್ರಾಮರ್ ವಿಶಾಖಾ ಭಾಲ್ಕಿಯ ಹುಡುಗಿ, ಹೊರಗುತ್ತಿಗೆ ನೌಕರಳು.

"ಇದು ಒಂದ್ ಸಾಲಿನ ಕೆಲಸ ರಿ ಬಾಯಿ," ಎಂದಳು ಆಕೆ. "ಚಾ ಆರೋದ್ರೊಳಗ ಆಗ್ತದ. ಆದ್ರ ಮಾಡೋ ಹಂಗಿಲ್ಲ."

"ಯಾಕ ಯವ್ವಾ? ಕೈ ನೋಯ್ತದೇನು?"

"ಕೈಯಿಂದ ಮಾಡಬಾರದಂತ ಸುತ್ತೋಲೆ ಬಂದದ ರಿ."

ಸುತ್ತೋಲೆ ಬಂದಿದ್ದು ನಿಜ. "ಜನವರಿ ಒಂದರಿಂದ ಪ್ರೋಗ್ರಾಂಗಳ ಸಕಲ ತಿದ್ದುಪಡಿಗಳನ್ನು ಎಐ ಸಹಾಯಕದ ನೆರವಿನಿಂದಲೇ ಮಾಡತಕ್ಕದ್ದು. ಸ್ವಂತ ಬುದ್ಧಿ ಬಳಸಿದಲ್ಲಿ ಸಂಬಂಧಪಟ್ಟವರೇ ಹೊಣೆಗಾರರು."

ಪ್ರೋಗ್ರಾಂ ಬರೆಯುವ ತಂತ್ರಾಂಶಕ್ಕೆ ಕೋಡ್ ಎಡಿಟರ್ ಅನ್ನುತ್ತಾರೆ. ಅದಕ್ಕೆ ಮೇಲಿಂದ ಕೂಡಿಸುವ ಚಿಕ್ಕ ಭಾಗವೇ ಎಕ್ಸ್‌ಟೆನ್ಶನ್. ಕೂಡಿಸಿದರೆ, ಬರೆಯುವ ಜಾಗ ಬಿಟ್ಟೇಳದೆ ಎಐ ಸಹಾಯಕದ ಸಂಗಡ ಮಾತಾಡಬಹುದು. ಇಂಥವು ಪುಕ್ಕಟೆ ಸಿಗುತ್ತವೆ, ಎರಡು ನಿಮಿಷದಲ್ಲಿ ಕೂಡುತ್ತವೆ. ಆದರೆ ಸರ್ಕಾರಿ ಕಂಪ್ಯೂಟರಿಗೆ ಏನನ್ನೇ ಕೂಡಿಸುವ ಮೊದಲು, ಅದು ಸ್ಟೂಲಾಗಲಿ ಎಕ್ಸ್‌ಟೆನ್ಶನ್ ಆಗಲಿ, ಮೂರನ್ನು ತುಲನೆ ಮಾಡಿ ಒಂದನ್ನು ಆರಿಸಬೇಕು. ಅದಕ್ಕೊಂದು ಸಮಿತಿಯಾಯಿತು. ಕೇಂದ್ರದ ಅಧೀಕ್ಷಕ ಮುಜೀಬೋದ್ದೀನ ಸಾಹೇಬರು ಅಧ್ಯಕ್ಷರು. ಫೈಲು ಹೊರುವ ಪ್ರಥಮ ದರ್ಜೆ ಸಹಾಯಕ ಗೋರಖನಾಥ ಕಾರ್ಯದರ್ಶಿ. ಆಡಿಟ್ ವಿಭಾಗದ ಮುಸರ್ರತ ಮೇಡಂ ಸದಸ್ಯರು. ಕೋಡ್ ಎಡಿಟರ್ ನೋಡಿದ್ದ ವಿಶಾಖಾಳನ್ನು, ಆಕೆಗೆ ವಿಷಯ ಗೊತ್ತಿದ್ದು ಪಕ್ಷಪಾತ ಆಗಬಹುದೆಂಬ ಕಾರಣಕ್ಕೆ, ಸಮಿತಿಯಿಂದ ಹೊರಗಿಡಲಾಯಿತು.

ಪ್ರಾದೇಶಿಕ ಅಸಮತೋಲನ ಆಗಬಾರದೆಂದು ಮೊದಲನೆಯ ಎಕ್ಸ್‌ಟೆನ್ಶನ್ ಬೀದರಿನಲ್ಲಿ, ಎರಡನೆಯದು ಭಾಲ್ಕಿಯಲ್ಲಿ, ಮೂರನೆಯದು ಔರಾದದಲ್ಲಿ ಪರೀಕ್ಷೆಯಾಗತಕ್ಕದ್ದೆಂದು ಠರಾವಾಯಿತು. ಸಮಿತಿ ಜೀಪಿನಲ್ಲಿ, ಕಂಪ್ಯೂಟರು ವಿಶಾಖಾಳ ತೊಡೆಯ ಮೇಲೆ.

ಮೊದಲನೆಯದರ ಗುಣ ಏನೆಂದರೆ, ನಾವು ಎರಡಕ್ಷರ ಬರೆಯುತ್ತಲೇ ಮುಂದಿನ ಸಾಲನ್ನು ಬೂದುಬಣ್ಣದಲ್ಲಿ ತಾನೇ ಬರೆದು ತೋರಿಸುತ್ತದೆ. ವಿಶಾಖಾ "ಔ" ಅಂದಳು, ಅದು "ರಾದ" ಅಂದಿತು.

ಮುಜೀಬೋದ್ದೀನ ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. "ಅರೆ, ನಾವು ಹೇಳೋಕ್ಕಿಂತ ಮೊದಲೇ ಹೇಳ್ತದಲ್ರಿ ಇದು!"

"ಅದೇ ಅದರ ಉಪಯೋಗ ರಿ ಸಾಹೇಬರ."

"ಉಪಯೋಗ? ಇಪ್ಪತ್ತೆಂಟ್ ವರ್ಷ ನೌಕರಿ ಮಾಡೇನಿ. ಮ್ಯಾಲಿನವರ ಬಾಯಾಗಿನ ಮಾತು ಒಮ್ಮಿ ನಾ ಮುಂಚಿತ ಹೇಳಿಬಿಟ್ಟೆ. ಸೀದಾ ವರ್ಗಾ ಮಾಡಿದ್ರು. ಇದು ನಕ್ಕೋ, ಬ್ಯಾಡ."

ವರದಿಯಲ್ಲಿ "ಅತಿ ಉತ್ಸಾಹ, ಶಿಸ್ತಿನ ಕೊರತೆ" ಎಂದು ನಮೂದಾಯಿತು.

ಎರಡನೆಯದರ ಗುಣ ಬೇರೆ. ಅದಕ್ಕೆ ಕೆಲಸ ಹೇಳಿ ಕೈಕಟ್ಟಿ ಕುಂತರೆ ಸಾಕು, ತಾನೇ ಫೈಲು ತೆರೆದು, ಓದಿ, ತಿದ್ದಿ, ಪರೀಕ್ಷೆ ಮಾಡಿ ಮುಗಿಸುತ್ತದೆ. ಭಾಲ್ಕಿಯ ಸರ್ಕಾರಿ ಕೋಣೆಯಲ್ಲಿ ವಿಶಾಖಾ "ಎಕಂಬಾ ಸೇರಿಸು" ಎಂದು ಬರೆದಳು. ಗೋರಖನಾಥ ಬಜ್ಜಿ ತಿಂದು ಕೈ ಒರೆಸುವುದರೊಳಗೆ ಎಕಂಬಾ ಸೇರಿತ್ತು. ಅಷ್ಟೇ ಅಲ್ಲ, ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ ಎರಡೆರಡು ಸಲ ಬಂದದ್ದನ್ನೂ ಪತ್ತೆ ಹಚ್ಚಿ ಒಂದನ್ನು ತೆಗೆದಿತ್ತು.

ಸಮಿತಿ ಪರದೆಯ ಹತ್ತಿರ ಸರಿಯಿತು.

"ಯಾರು ಹೇಳಿದ್ರು ಇದಕ್ಕ ಚಿಂಚೋಳಿ ತೆಗಿ ಅಂತ?" ಮುಸರ್ರತ ಮೇಡಂ ಕನ್ನಡಕ ಏರಿಸಿದರು.

"ಯಾರೂ ಹೇಳಿಲ್ಲ ರಿ ಮೇಡಂ. ತಪ್ಪಿತ್ತು, ತಿದ್ದ್ಯದ."

"ಅಂದ್ರ ಮೌಖಿಕ ಆದೇಶನೂ ಇಲ್ಲ."

ಎಲ್ಲವನ್ನೂ ಮೊದಲಿನಂತೆ ಮಾಡಿಸಲಾಯಿತು. ಎಕಂಬಾ ಹೋಯಿತು, ಎರಡನೆಯ ಖಟಕ ಚಿಂಚೋಳಿ ಮರಳಿ ಬಂದಿತು. ಅಧಿಕಾರ ವ್ಯಾಪ್ತಿ ಮೀರಿದ್ದಕ್ಕೆ ಎಕ್ಸ್‌ಟೆನ್ಶನ್ನಿಗೆ ಕಾರಣ ಕೇಳುವ ನೋಟೀಸನ್ನು ಅಲ್ಲೇ ಟೈಪ್ ಮಾಡಿ ಕೊಡಲಾಯಿತು. ಅದು ನಾಲ್ಕು ಸೆಕೆಂಡಿನಲ್ಲಿ ಕ್ಷಮೆ ಕೇಳಿತು. ವಿವರಣೆ ಕೊಡಲು ಏಳು ದಿನ ಅವಕಾಶವಿದ್ದೂ ಬಳಸಿಕೊಳ್ಳದ್ದರಿಂದ ಅದರ ಪ್ರಾಮಾಣಿಕತೆ ಸಂಶಯಾಸ್ಪದ ಎಂದು ಷರಾ ಬಿತ್ತು.

ಔರಾದದಲ್ಲಿ ನೆಟ್‌ವರ್ಕು ಬಂದು ಹೋಗಿ ಮಾಡುತ್ತದೆ. ಮೂರನೆಯದು ಅಲ್ಲಿ ಪ್ರಶ್ನೆ ತೆಗೆದುಕೊಂಡು ನಲವತ್ತು ನಿಮಿಷ ಸುಮ್ಮನಿತ್ತು.

"ವಿಚಾರ ಮಾಡ್ಲಿಕ್ಕತ್ತದ," ಮುಜೀಬೋದ್ದೀನ ಸಾಹೇಬರು ಗೌರವದಿಂದ ದನಿ ತಗ್ಗಿಸಿದರು.

ಆಮೇಲೆ ಪರದೆಯ ಬಲಬದಿಗೆ ಒಂದು ಪಟ್ಟಿ ತೆರೆಯಿತು. ಅದರಲ್ಲಿ ಒಂದೇ ಒಂದು ಸಾಲು, ಹಸಿರು ಬಣ್ಣದಲ್ಲಿ: ಎಕಂಬಾ. ಕೆಳಗೆ ಎರಡು ಗುಂಡಿ, ಸ್ವೀಕರಿಸು ಮತ್ತು ತಿರಸ್ಕರಿಸು. ಏನೂ ಬದಲಾಗಿರಲಿಲ್ಲ. ಒತ್ತುವ ತನಕ ಏನೂ ಬದಲಾಗುವುದೂ ಇಲ್ಲ ಎಂದು ವಿಶಾಖಾ ವಿವರಿಸಿದಳು.

"ಒತ್ತದಿದ್ರ?"

"ಹಂಗೇ ಕುಂತಿರ್ತದ ರಿ."

"ಎಷ್ಟ್ ದಿನ?"

"ಎಷ್ಟ್ ದಿನಾ ಆದ್ರೂ."

ಸಮಿತಿ ಎದ್ದು ನಿಂತಿತು. "ಕ್ಯಾ ಬಾತ್ ಹೈ!" ಅಂದರು ಸಾಹೇಬರು. "ಇದು ನಮ್ಮ ಮಂದಿ ನೋಡ್ರಿ." ಗೋರಖನಾಥನ ಕಣ್ಣಲ್ಲಿ ನೀರಿತ್ತು. ಮೂರನೆಯದಕ್ಕೆ ನೂರಕ್ಕೆ ನೂರು ಅಂಕ.

ಇದಿಷ್ಟು ಫೆಬ್ರವರಿಯಲ್ಲಿ. ಬೀದರಿಗೆ ಮರಳಿದ ಮೇಲೆ, ಸ್ವೀಕರಿಸು ಗುಂಡಿಯನ್ನು ಒತ್ತುವವರು ಯಾರು ಎಂಬ ವಿಷಯ ಬಂತು. ವಿಶಾಖಾ ಬೆರಳು ಮುಂದೆ ಚಾಚಿದಳು. ಗೋರಖನಾಥ ಆ ಬೆರಳನ್ನು ಫೈಲಿನಿಂದ ಮುಚ್ಚಿದ.

"ಸ್ವೀಕರಿಸೋದು ಅಂದ್ರ ಮಂಜೂರಾತಿ ಕೊಟ್ಟಂಗ, ತಂಗಿ. ಹೊರಗುತ್ತಿಗೆಯವರಿಗೆ ಆ ಅಧಿಕಾರ ಇಲ್ಲ."

"ಹಂಗಾದ್ರ ನೀವು ಒತ್ರಿ ಅಣ್ಣಾ."

"ನಾ ಒತ್ತಬಹುದು," ಎಂದು ಗೋರಖನಾಥ ಮುಸರ್ರತ ಮೇಡಂ ಕಡೆ ನೋಡಿದ.

"ಒತ್ರಿ," ಎಂದರು ಮೇಡಂ. "ಏನರ ಹೆಚ್ಚುಕಮ್ಮಿ ಆದ್ರ ಒತ್ತಿದವರ ಪಿಂಚಣಿಯೊಳಗ ಕಡಿತ ಆಗ್ತದ. ಒತ್ರಿ."

ಮಾರನೆಯ ದಿನ ಗೋರಖನಾಥ ಬಲಗೈ ತೋರುಬೆರಳಿಗೆ ಹದಿನೈದು ದಿನದ ವೈದ್ಯಕೀಯ ರಜೆ ಹಾಕಿದ. ಉಳಿದ ಒಂಬತ್ತು ಬೆರಳು ಕರ್ತವ್ಯಕ್ಕೆ ಹಾಜರಾದವು. ಸಾಹೇಬರ ನಿವೃತ್ತಿಗೆ ಎಂಟು ತಿಂಗಳಿತ್ತು. ಅವರು ಕಂಪ್ಯೂಟರ್ ಇದ್ದ ಕೋಣೆಗೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಬರತೊಡಗಿದರು.

ಅಷ್ಟರಲ್ಲಿ ಎಕ್ಸ್‌ಟೆನ್ಶನ್ ಕೊಟ್ಟ ಸಲಹೆಗಳು ನಲವತ್ತೊಂದಾದವು. ಪ್ರತಿಯೊಂದನ್ನೂ ಮುದ್ರಿಸಿ, ಪಂಚ್ ಮಾಡಿ, ಟ್ಯಾಗ್ ಕಟ್ಟಿ, ಮೂರು ಸಹಿಗೆ ಇಡಲಾಯಿತು. ಮೊದಲ ನಲವತ್ತು ಅಕ್ಷರದ ಗಾತ್ರ, ಪುಟದ ಬಣ್ಣ ಇತ್ಯಾದಿ. ನಲವತ್ತೊಂದನೆಯದು ಎಕಂಬಾ. ತುಲನೆಯ ದಿನ ಕೇಳಿದ್ದು ಪರೀಕ್ಷಾರ್ಥವಾಗಿದ್ದರಿಂದ ಅದನ್ನು ಹೊಸದಾಗಿ ಕೇಳಬೇಕಾಗಿತ್ತು.

ಒತ್ತುವವರು ನೌಕರರಾಗಿದ್ದರೆ ತಾನೆ ಪಿಂಚಣಿಯ ಪ್ರಶ್ನೆ? ಮುಸರ್ರತ ಮೇಡಂ ನಿಯಮಾವಳಿ ಹುಡುಕಿ, ಸಾರ್ವಜನಿಕರಲ್ಲಿ ಒಬ್ಬರನ್ನು "ಸ್ವೀಕೃತಿ ಸಹಾಯಕಿ" ಎಂದು ದಿನಗೂಲಿಗೆ ತೆಗೆದುಕೊಳ್ಳಬಹುದೆಂದರು. ಎಲ್ಲರೂ ಸಾರ್ವಜನಿಕರನ್ನು ಹುಡುಕಲು ಹೊರಗೆ ಬಂದರು. ಬೆಂಚಿನ ಮೇಲೆ ಸಾರ್ವಜನಿಕರು ಕುಂತು ರೊಟ್ಟಿ ತಿನ್ನುತ್ತಿದ್ದರು.

"ಬಾಯಿ, ಗುಂಡಿ ಒತ್ಲಿಕ್ಕಿ ಬರ್ತದೇನ್ರಿ?"

"ಹಿಟ್ಟಿನ ಗಿರಣಿದು ಒತ್ತೇನಿ."

ಅನುಭವ ಸಾಕಾಗುತ್ತದೆ ಎಂದು ಸಮಿತಿ ಅಭಿಪ್ರಾಯಪಟ್ಟಿತು.

ದಿನವೂ ಎಕಂಬಾದಿಂದ ಬರುವುದು ಆಗದ ಮಾತು. ಶೇವಂತಾಬಾಯಿ ಜನವಾಡದ ತಂಗಿ ಮನೆಯಲ್ಲಿ ಉಳಿದು ಬಸ್ಸಿಗೆ ಬರತೊಡಗಿದರು. ಒತ್ತುವಿಕೆ ಅಂದರೆ ಅವರದು. ಸೆರಗಿನಿಂದ ಬೆರಳು ಒರೆಸಿಕೊಂಡು, "ಇದ್ರಿಂದ ಯಾರಿಗ್ಯಾದ್ರೂ ತ್ರಾಸ ಅದ ಏನವ್ವಾ?" ಎಂದು ವಿಶಾಖಾಳನ್ನು ಕೇಳಿ, ಇಲ್ಲವೆಂದರೆ ಒತ್ತುತ್ತಿದ್ದರು. ನಾನು ಕಂಡ ಯಾವ ದೇಶದ ಯಾವ ಮಂತ್ರಾಲಯದಲ್ಲೂ ಮಂಜೂರಾತಿಗೆ ಮೊದಲು ಈ ಪ್ರಶ್ನೆ ಕೇಳಿದ್ದನ್ನು ನೋಡಿಲ್ಲ. ದಿನಕ್ಕೆ ಎರಡು ಮೂರು ಫೈಲು. ನಲವತ್ತೊಂದು ಬರುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಬಂತು. ಪರದೆಯ ಮೇಲೆ ಹಸಿರು ಸಾಲು: ಎಕಂಬಾ. ಶೇವಂತಾಬಾಯಿ ಬೆರಳು ಎರಡು ಸಲ ಒರೆಸಿಕೊಂಡರು.

"ತಡೀರಿ ಬಾಯಿ," ಎಂದ ಗೋರಖನಾಥ. "ನೀವು ಯಾವೂರವರು?"

"ಎಕಂಬಾ. ಮೂರು ತಿಂಗಳಿಂದ ಅದೇ ಹೇಳ್ಲಿಕ್ಕತ್ತೇನಲ್ಲಪ್ಪಾ."

"ಹಂಗಾದ್ರ ಒತ್ತೋ ಹಂಗಿಲ್ಲ. ಸ್ವಂತ ಊರಿನ ವಿಷಯ ಅದು. ಸ್ವಹಿತಾಸಕ್ತಿ ಆಗ್ತದ."

ಮುಜೀಬೋದ್ದೀನ ಸಾಹೇಬರಿಗೆ ಪಾಪ ಅನ್ನಿಸಿತು. "ಮೇಡಂ, ಇವರು ಎಕಂಬಾದವರು ಅನ್ಲಿಕ್ಕಿ ದಾಖಲೆ ಎಲ್ಲದ? ಎಕಂಬಾನೇ ಇಲ್ಲಲ್ಲ. ಒತ್ತಲಿ ಬಿಡ್ರಿ."

ಮೇಡಂ ಯೋಚಿಸಿದರು. "ಈಗ ದಾಖಲೆ ಇಲ್ಲ, ಖರೆ. ಆದ್ರ ಒತ್ತಿದ ಕೂಡ್ಲೆ ಎಕಂಬಾ ಬರ್ತದ. ಬಂದ ಕೂಡ್ಲೆ ಇವರು ಎಕಂಬಾದವರು ಆಗ್ತಾರ. ಆದ ಕೂಡ್ಲೆ ಒತ್ತಿದ್ದು ಅಸಿಂಧು ಆಗ್ತದ. ಅಸಿಂಧು ಆದ್ರ ಎಕಂಬಾ ಹೋಗ್ತದ."

ಸಮಿತಿ ತಲೆದೂಗಿತು. ಇಷ್ಟು ಸ್ವಚ್ಛವಾದ ಆಕ್ಷೇಪಣೆಯನ್ನು ಅವರು ಬಹಳ ದಿನದಿಂದ ಕೇಳಿರಲಿಲ್ಲ.

ದಾರಿಯನ್ನೂ ಮೇಡಂ ಅವರೇ ತೋರಿಸಿದರು. ಶೇವಂತಾಬಾಯಿ ಸದ್ಯ ಜನವಾಡದಲ್ಲಿ ವಾಸವಿದ್ದಾರೆ. ಜನವಾಡ ಪಟ್ಟಿಯಲ್ಲಿದೆ. ಜನವಾಡದ ಪ್ರಮಾಣಪತ್ರ ತೆಗೆದುಕೊಂಡರೆ ಅವರು ಜನವಾಡದವರು, ಆಗ ಎಕಂಬಾವನ್ನು ಯಾವ ಸಂಕೋಚವಿಲ್ಲದೆ ಒತ್ತಬಹುದು.

ವಿಶಾಖಾ ಅವರ ಕಿವಿಗೆ ಬಾಗಿದಳು. "ಬಾಯಿ, ಒಬ್ಬರಿಗಿ ಒಂದೇ ಊರು ಕೊಡ್ತಾರ ರಿ. ಬದಲಿ ಮಾಡ್ಲಿಕ್ಕಿ ಏಳು ವರ್ಷ ಬೇಕು. ಜನವಾಡ ತಗೊಂಡ್ರ ಅಂಗನವಾಡಿ ಕೆಲಸ ಹೋಯ್ತು."

ಶೇವಂತಾಬಾಯಿ ಹಸಿರು ಸಾಲನ್ನು ನೋಡುತ್ತ ಕುಂತರು.

"ನಾ ತಗೊಳ್ಳದಿದ್ರ ಊರೇ ಹೋಯ್ತಲ್ಲವ್ವಾ," ಅಂದರು. "ಕೊಡ್ರಿ ಅದೇನ್ ಜನವಾಡ."

ಮೂರು ತಿಂಗಳು ಸಿಗದ ಪ್ರಮಾಣಪತ್ರ ನಾಲ್ಕು ನಿಮಿಷದಲ್ಲಿ ಸಿಕ್ಕಿತು. ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು, "ಇದ್ರಿಂದ ಯಾರಿಗ್ಯಾದ್ರೂ ತ್ರಾಸ ಅದ ಏನವ್ವಾ?" ಎಂದು ಪದ್ಧತಿಯಂತೆ ಕೇಳಿದರು. ವಿಶಾಖಾ ಉತ್ತರ ಕೊಡಲಿಲ್ಲ. ಶೇವಂತಾಬಾಯಿ ಒತ್ತಿದರು.

ಎಕಂಬಾ ಜಿಲ್ಲೆಗೆ ಸೇರಿತು. ಸಮಿತಿ ಚಪ್ಪಾಳೆ ತಟ್ಟಿತು. ಮೂರನೆಯ ಎಕ್ಸ್‌ಟೆನ್ಶನ್ನೇ ಶ್ರೇಷ್ಠ, ಅದು ಒಂದು ಸಾಲನ್ನು ಕೇವಲ ಮೂರು ತಿಂಗಳಲ್ಲಿ ತಿದ್ದಿದೆ ಎಂದು ವರದಿ ಹೋಯಿತು. ಖಟಕ ಚಿಂಚೋಳಿ ಎರಡೇ ಇವೆ. ಅದರ ಬಗ್ಗೆ ಯಾರೂ ಅರ್ಜಿ ಕೊಟ್ಟಿಲ್ಲ.

ಎಕಂಬಾದಿಂದ ಎರಡೇ ದಿನದಲ್ಲಿ ಹನ್ನೊಂದು ಹೆಣ್ಣುಮಕ್ಕಳು ಪ್ರಮಾಣಪತ್ರ ಪಡೆದರು. ಅಂಗನವಾಡಿಯ ಕೆಲಸ ಕೌಸಲ್ಯಾಬಾಯಿಗೆ ಆಯಿತು, ಶೇವಂತಾಬಾಯಿಯವರ ಓಣಿಯವಳೇ. ಮೇ ತಿಂಗಳಲ್ಲಿ ನಾನು ನನ್ನ ಪತ್ರ ಕೇಳಲು ಮತ್ತೆ ಹೋದಾಗ ಆಕೆ ಅಲ್ಲಿದ್ದಳು, ಕೈಯಲ್ಲಿ ಪೇಢೆಯ ಡಬ್ಬಿ.

"ನೀ ಇದ್ದದ್ದಕ್ಕ ನನಗ ಆಯ್ತು ವೈನಿ. ಬಾಯಿ ಸಿಹಿ ಮಾಡು."

ಶೇವಂತಾಬಾಯಿ ಈಗ ಸ್ವೀಕೃತಿ ಸಹಾಯಕಿಯ ಕುರ್ಚಿಯಲ್ಲಿ ಕೂರುತ್ತಾರೆ. ಡಬ್ಬಿ ನೋಡಿದರು, ಗೋರಖನಾಥನನ್ನು ನೋಡಿದರು.

"ನಾ ಹಂಗ ಸ್ವೀಕಾರ ಮಾಡೋ ಹಂಗಿಲ್ಲ, ಕೌಸಲ್ಯಾ. ಆ ಮೇಜಿನ ಮ್ಯಾಲ ಇಡು. ಮೂರು ಸಹಿ ಆಗ್ಲಿ."

"ಎಷ್ಟ್ ದಿನಾ ಆಗ್ತದ?"

"ಮುಂದಿನ ಮಂಗಳವಾರ ಬಂದು ಕೇಳು."

ಕೌಸಲ್ಯಾಬಾಯಿ ಹೌದೆಂದು ತಲೆಯಾಡಿಸಿ, ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಬೆಂಚಿನ ತಗ್ಗಿನಲ್ಲಿ ಹೋಗಿ ಕುಂತಳು. ಗೋರಖನಾಥ ಡಬ್ಬಿಯ ವಿವರವನ್ನು ಒಂದು ಹಾಳೆಯಲ್ಲಿ ಬರೆದು, ಪಂಚ್ ಮಾಡಿದ.