ಕನಕರಾಜು ತಿದ್ದಿದ ಬ್ಯಾಂಕ್ ಕೋಡ್

ಬಿಳಿಕೆರೆ ಕನಕರಾಜುವಿಗೆ ಗೊತ್ತಿಲ್ಲದ ವಿಷಯ ಈ ಭೂಮಂಡಲದಲ್ಲಿ ಇರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ, ಬೇರೆ ಯಾರೂ ಹೇಳಿದ್ದಿಲ್ಲ.

ಅವತ್ತು ಕೆ.ಆರ್. ನಗರದಲ್ಲಿ ನಾದಿನಿ ರಮ್ಯಾಳ ಗೃಹಪ್ರವೇಶ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಯಲ್ಲಿ ಸೊಪ್ಪು ಬೇಯುತ್ತಿತ್ತು, ಬೆಂಕಿ ಬಿಟ್ಟು ಕನಕರಾಜು ಕದಲುವಂತಿರಲಿಲ್ಲ. ಹೆಂಡತಿ ಭಾಗ್ಯ ಒಬ್ಬಳೇ ಹೊರಟಿದ್ದಳು. ಆದರೆ ಮೈಕಿನಲ್ಲಿ ಮುಯ್ಯಿ ಹಾಕಿದವರ ಪಟ್ಟಿ ಓದುವಾಗ ತನ್ನ ಹೆಸರು ಐದು ಸಾವಿರದ ಸಮೇತ ರಮ್ಯಾಳ ಗಂಡ ಸೋಮಶೇಖರನ ಕಿವಿಗೆ ಬೀಳಲೇಬೇಕು. (ಇವನ ಗೃಹಪ್ರವೇಶಕ್ಕೆ ಆ ಷಡ್ಡಕ ಹಾಕಿದ್ದು ಐನೂರು. ಆರು ವರ್ಷವಾದರೂ ಆ ಉರಿ ಆರಿಲ್ಲ.) ದುಡ್ಡನ್ನು ಭಾಗ್ಯಳ ಕೈಗೆ ಕೊಟ್ಟರೆ ಅವಳು ತನ್ನ ಹೆಸರಿಗೇ ಬರೆಸಿಕೊಂಡಾಳು ಅಂತ ಅನುಮಾನ ಬೇರೆ. ಹಾಗಾಗಿ ಬ್ಯಾಂಕಿನ ಮೂಲಕವೇ ಕಳಿಸುವ ಘನಕಾರ್ಯಕ್ಕೆ ಕೈಹಾಕಿದ.

ರಮ್ಯಾ ಕಳಿಸಿದ್ದ ಪಾಸ್‌ಬುಕ್ಕಿನ ಫೋಟೋ ನೋಡಿ ಮೂಗು ಮುರಿದ.

"ನಿನ್ ತಂಗಿಗೆ ಬುದ್ಧಿ ಐತಾ? ಹಾರನಳ್ಳಿ ಬ್ರಾಂಚಿನ ಕೋಡ್ ಕಳ್ಸವ್ಳೆ. ಅವ್ಳಿರೋದು ಕೆ.ಆರ್. ನಗರ ಕಣೆ. ದುಡ್ಡು ಹಾರನಳ್ಳೀಲಿ ಇಳ್ಕಂಡು ಯಾರ ಮನೆ ಬಾಗ್ಲು ತಟ್ಬೇಕು?"

"ಖಾತೆ ಮಾಡ್ಸಿದ್ದು ಅಲ್ಲೇ ಅಲ್ವಾ? ಬರ್ದಿರೋದ್ನ ಅಂಗೇ ಹಾಕ್ರೀ."

"ಡೈರೀಗೆ ಹಾಲು ಅಳ್ದಂಗಲ್ಲ ಇದು. ಬುಡು, ನಿಂಗರ್ಥ ಆಗಲ್ಲ."

ಭಾಗ್ಯ ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೋದಳು. ಕನಕರಾಜು ತನ್ನ ಬ್ಯಾಂಕಿನ ಕೆ.ಆರ್. ನಗರ ಶಾಖೆಯ ಕೋಡ್ ಹುಡುಕಿ ಒತ್ತಿದ. ರಮ್ಯಾಳ ಖಾತೆ ಇರೋದು ಬೇರೆ ಬ್ಯಾಂಕಿನಲ್ಲಿ ಅನ್ನೋದು ಆ ಮಹಾಮೇಧಾವಿಗೆ ಕ್ಷುಲ್ಲಕ ವಿಚಾರ. ಊರು ಸರಿಯಿದ್ದರೆ ಸಾಕು, ದುಡ್ಡು ಕೇಳಿಕೊಂಡು ಹೋಗಿ ಮನೆ ಸೇರುತ್ತೆ ಅಂದುಕೊಂಡ.

ಮಧ್ಯಾಹ್ನ ಭಾಗ್ಯಳ ಫೋನ್ ಬಂತು. "ಮುಯ್ಯಿ ಓದ್ತಾವ್ರೆ, ಕೇಳಿ," ಅಂತ ಫೋನನ್ನು ಮೈಕಿನ ಕಡೆ ಹಿಡಿದಳು. ಕನಕರಾಜು ಬ್ಯಾರನ್ನಿನ ಆಳುಗಳನ್ನೆಲ್ಲ ಸುತ್ತ ಕೂರಿಸಿ ಸ್ಪೀಕರ್ ಹಾಕಿದ.

"ಬಿಳಿಕೆರೆ ಭಾಗ್ಯಮ್ಮನೋರು, ಐದು ಸಾವಿರ."

ಆಮೇಲೆ ಯಾರ್ಯಾರದೋ ಹೆಸರು ಬಂತು. ಪಟ್ಟಿ ಮುಗಿಯಿತು. ಇವನ ಹೆಸರು ಮಾತ್ರ ಬರಲಿಲ್ಲ.

"ಅದ್ಯಾವ ದುಡ್ಡೇ?"

"ನನ್ ಹಾಲಿನ ದುಡ್ಡು ಕಣ್ರೀ. ಬಸ್ಸಲ್ಲಿ ಕೂತ್ಕಂಡು ಕಳ್ಸ್‌ದೆ, ಹಾರನಳ್ಳಿ ಕೋಡಿಗೇ. ನಿಮ್ದು ಬಂದಿಲ್ವಂತೆ."

ಅಷ್ಟರಲ್ಲಿ ಕನಕರಾಜುವಿನ ಫೋನಿಗೆ ಮೆಸೇಜು ಬಂತು. ಅವನ ಐದು ಸಾವಿರ ಅವನ ಖಾತೆಗೇ ವಾಪಸ್ ಬಂದಿತ್ತು. ಆಳುಗಳು ನಗು ತಡೆಯಲಾರದೆ ಸೌದೆ ತರುವ ನೆಪ ಮಾಡಿ ಎದ್ದರು.

ಆ ಕಡೆಯಿಂದ ಫೋನಿಗೆ ಸೋಮಶೇಖರನೇ ಬಂದ.

"ಅಣ್ಣ, ನೀವೇನೂ ಬೇಜಾರ್ ಮಾಡ್ಕಬ್ಯಾಡಿ. ಮುಯ್ಯಿ ಪುಸ್ತಕದಲ್ಲಿ ನಿಮ್ಮನ್ನೂ ಸೇರ್ಸಿವ್ನಿ. ಭಾಗ್ಯಕ್ಕನ ಯಜಮಾನ್ರು ಅಂತ."