ಜಗಳಕ್ಕೊಂದು ಪಾರ್ಟು

ನಮ್ಮ ಓಣಿಯಲ್ಲಿ ಕಾಕಾ ಒಬ್ಬರಿದ್ದರು. ಜಗಳ ಕಂಡರೆ ಅವರಿಗೆ ಹೋಳಿಗೆ ಕಂಡಷ್ಟು ಖುಷಿ! ಶಹಾಬಾದಿನಲ್ಲಿ ಯಾರ ಮನೆಯ ಮುಂದೆ ದನಿ ಏರಿದರೂ ಸರಿ, ಚಪ್ಪಲಿ ಮೆಟ್ಟದೆ ಓಡಿ ಬಂದು ಎದುರಿನ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಬಿಡಿಸುತ್ತಿದ್ದರೇ? ಛೆ, ಬಿಡಿಸಿದರೆ ಅವರ ನಾಟಕದ ಗತಿಯೇನು!

ಕಾಕಾ ಓಣಿಯ ನಾಟಕದ ಮಾಸ್ತರರು. ಹಾರ್ಮೋನಿಯಂ ಪೇಟಿ ಬಾರಿಸುವವರೂ ಅವರೇ, ಪಾರ್ಟು ಹಂಚುವವರೂ ಅವರೇ. ಬೇರೆ ಕಡೆ ದನಿ ನೋಡಿ, ಮೈಕಟ್ಟು ನೋಡಿ ಪಾರ್ಟು ಕೊಡುತ್ತಾರೆ. ಇವರು ಯಾರಿಗೆ ಯಾರ ಜೊತೆ ಮಾತಿಲ್ಲ ಎಂದು ನೋಡಿ ಕೊಡುತ್ತಿದ್ದರು! ಒಂದು ವರ್ಷ, ಬಚ್ಚಲ ನೀರಿಗಾಗಿ ಕೊರಳಪಟ್ಟಿ ಹಿಡಿದಿದ್ದ ಇಬ್ಬರು ಗಂಡಸರಿಗೆ ರಾಜ-ರಾಣಿಯ ಪಾರ್ಟು ಬಂತು. ತಾಲೀಮು ಶುರುವಾಗಿ ಹದಿನೈದು ದಿನಕ್ಕೆ ಚಹಾದಂಗಡಿಯಲ್ಲಿ ಮೀಸೆಯ ರಾಣಿ, "ಪ್ರಾಣಕಾಂತಾ, ಒಂದು ಬೀಡಿ ಕೊಡ್ರಿ" ಅಂದುಬಿಟ್ಟ! ರಾಜ ಕೊಟ್ಟದ್ದಷ್ಟೇ ಅಲ್ಲ, ಹಚ್ಚಿಯೂ ಕೊಟ್ಟ.

ನಗಲು ಭಾಳ ಚೆನ್ನಾಗಿತ್ತು, ನನ್ನ ಸರದಿ ಬರುವವರೆಗೆ.

ಪಕ್ಕದ ಮನೆಯವನೂ ನಾನೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಜೊತೆಗೆ ಕಲ್ಲು ಕಡಿದವರು. ಎರಡು ಮನೆಗಳ ನಡುವೆ ನಾವಿಬ್ಬರೇ ಹಾಸಿದ ಒಂದು ಕಲ್ಲಿನ ಕಟ್ಟೆ, ಸಂಜೆಯ ಚಹಾ ಅದರ ಮೇಲೆಯೇ. ಆ ಕಟ್ಟೆ ಯಾರ ಜಾಗದೊಳಗೆ ಒಂದು ಗೇಣು ಹೆಚ್ಚು ಬಂದಿದೆ ಎಂದು ಮಾತು ಬೆಳೆದು ಬೆಳೆದು, ಕೊನೆಗೆ ಮಾತೇ ನಿಂತಿತು. ಮರುದಿನವೇ ಕಾಕಾ ಹಾಜರ್!

"ಈ ಸಲ ನೀ ರಾಮ, ಅಂವ ಭರತ. ಪಾದುಕಾ ಕೊಟ್ಟು ಅಣ್ಣತಮ್ಮ ತೆಕ್ಕಿ ಬೀಳೋ ಸೀನ್ ಅದ."

"ಒಲ್ಲೆ ಕಾಕಾ. ಅವನ ಮಾರಿ ನೋಡಂಗಿಲ್ಲ ನಾ."

"ಹಂಗಾದ್ರ ನೀನೇ ಭರತ ಆಗು."

"ಅವನ ಪಾದುಕಾ ನನ್ನ ತಲಿ ಮ್ಯಾಲೇನು? ಆಗಂಗಿಲ್ಲ ತಗೀರಿ!"

ಅತ್ತ ಅವನೂ ಒಲ್ಲೆ ಎಂದನಂತೆ.

ಕಾಕಾ ಆ ಪಾರ್ಟು ಬೇರೆಯವರಿಗೆ ಕೊಟ್ಟರೇ? ಇಲ್ಲ! ತಾವೇ ರಾಮ, ತಾವೇ ಭರತ. ಎಡಕ್ಕೆ ಓಡಿ ರಾಮನ ಮಾತು, ಬಲಕ್ಕೆ ಓಡಿ ಭರತನ ಅಳು. ಬಲಗೈಯಿಂದ ಪಾದುಕೆ ಕೊಟ್ಟು ಎಡಗೈಯಿಂದ ಇಸಿದುಕೊಂಡರು. ಕೊನೆಗೆ ತೆಕ್ಕೆ ಬೀಳುವ ಹೊತ್ತು ಬಂತು. ಏದುಸಿರು ಬಿಡುತ್ತಾ ನಡುವೆ ನಿಂತು, ಎರಡೂ ಕೈ ಬೆನ್ನಿಗೆ ಸುತ್ತಿ ತಮ್ಮನ್ನು ತಾವೇ ತಬ್ಬಿಕೊಂಡರು! ಮಂದಿ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವರು ಹಾಗೇ ನಿಂತು ನನ್ನ ಕಡೆಗೇ ನೋಡುತ್ತಿದ್ದರು ಎಂಬುದು ಅರಿವಾದದ್ದು ಆಮೇಲೆ.

ಮುಂದಿನ ವರ್ಷ ನಾಟಕಕ್ಕೆ ಮೊದಲೇ ಕಾಕಾ ತೀರಿಕೊಂಡರು. ನಾಟಕ ನಿಂತಿತು. ಓಣಿಯ ಜಗಳಗಳು ಪಾರ್ಟಿಲ್ಲದೆ ಹಾಗೇ ಹಳಸಿದವು. ನಮ್ಮದು ಎಂಟು ವರ್ಷ ಹಳಸಿತು.

ಮೊನ್ನೆ ಓಣಿಯ ಮಕ್ಕಳು ಅದೇ ನಾಟಕ ಆಡಿದರು. ಭರತ ಯಾರು ಗೊತ್ತೇನು? ನನ್ನ ಮೊಮ್ಮಗಳು! ಏನು ದನಿ, ಏನು ಗತ್ತು! ರಾಮ ಪಕ್ಕದ ಮನೆಯವನ ಮೊಮ್ಮಗ. ಪಾದುಕೆ ಕಾಕಾನವೇ. ಮಕ್ಕಳಿಬ್ಬರೂ ಓಡಿ ಬಂದು ತೆಕ್ಕೆ ಬಿದ್ದಾಗ ಚಪ್ಪಾಳೆ ತಟ್ಟಿ ತಟ್ಟಿ ನನ್ನ ಅಂಗೈ ಕೆಂಪಾಯಿತು. ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ಅವನೇ.

"ಅವತ್ತು ಕಾಕಾ ಒಬ್ರೇ ತೆಕ್ಕಿ ಬಿದ್ರಲ್ಲೋ," ಎಂದ. "ನಾವಿಬ್ರೂ ಇಲ್ಲೇ ಕುಂತಿದ್ವಿ."

ನಾನು ಚಾಪೆಯ ಮೇಲೆ ಒಂದು ಗೇಣು ಸರಿದೆ. ಅವನು ಕುಳಿತ. ಕಾಕಾ ಕೇಳಿದ್ದೂ ಇಷ್ಟೇ ಅಲ್ಲವೇ?