ಕೇಳದೆ ಮುಟ್ಟಬೇಡಿ

ನಮ್ಮ ಕಡೆಯವರಿಗೆ ಯಾವುದನ್ನೂ ಕಣ್ಣಿಂದ ನೋಡಿದರೆ ನೋಡಿದಂತಾಗುವುದಿಲ್ಲ, ಮುಟ್ಟಲೇಬೇಕು. ಟೊಮೆಟೊ ಒತ್ತುತ್ತಾರೆ, ಕೊಳ್ಳದ ಸೀರೆಯ ಸೆರಗು ಹೊಸಕುತ್ತಾರೆ, ಪಕ್ಕದ ಮನೆಯವರು ಹೊಸ ಸ್ಕೂಟರ್ ತಂದರೆ ಮಾತಾಡುತ್ತಲೇ ಬ್ರೇಕು ಹಿಡಿದು ನೋಡುತ್ತಾರೆ. ‘ಬಣ್ಣ ಹಸಿಯಾಗಿದೆ’ ಎಂದು ಬರೆದ ಗೇಟಿನ ಮೇಲೆ ಇಡೀ ಬೀದಿಯ ಬೆರಳಚ್ಚು ಸಿಗುತ್ತದೆ. ಇದು ರೋಗವೆಂದು ನನಗೆ ತಿಳಿದದ್ದು ಭೈರವಿಯನ್ನು ಹೊತ್ತುಕೊಂಡು ಚಿತ್ರದುರ್ಗದ ಬೀದಿಗೆ ಇಳಿದ ಮೇಲೆ.

ಭೈರವಿ ನಾಯಿಮರಿ. ದೊಡ್ಡವಳಾಗಿ ತರಬೇತಿ ಮುಗಿಸಿ ನನ್ನ ತಂಗಿ ಶಾರದೆಗೆ ದಾರಿ ತೋರಿಸಬೇಕಾದವಳು. ಶಾರದೆಗೆ ಕಣ್ಣು ಕಾಣುವುದಿಲ್ಲ. ಹೊಸದುರ್ಗದ ಶಾಲೆಯೊಂದರಲ್ಲಿ ಸಂಗೀತದ ಟೀಚರು, ಮರಿಗೆ ರಾಗದ ಹೆಸರಿಟ್ಟವಳೂ ಅವಳೇ. ಮನೆಯಿಂದ ಶಾಲೆಗೆ ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಬೇಕೆಂಬುದು ಅವಳ ಬಹಳ ದಿನದ ಆಸೆ. ಕೋಲು ಹಿಡಿದು ಹೋಗಬಲ್ಲಳು, ಆದರೆ ಜನ ಬಿಡಬೇಕಲ್ಲ! ಒಮ್ಮೆ ಅಂಗಡಿ ಮುಂದೆ ಗೆಳತಿಗಾಗಿ ಕಾಯುತ್ತ ನಿಂತಿದ್ದವಳನ್ನು ಪುಣ್ಯಾತ್ಮನೊಬ್ಬ ರಟ್ಟೆ ಹಿಡಿದು ರಸ್ತೆ ದಾಟಿಸಿ, ಧನ್ಯವಾದಕ್ಕೂ ಕಾಯದೆ ಹೊರಟುಹೋದ. ಅವಳನ್ನು ವಾಪಸ್ ಈಚೆಗೆ ತರಲು ಇನ್ನೊಬ್ಬ ಪುಣ್ಯಾತ್ಮ ಬೇಕಾಯಿತು. ‘ನಾಯಿಯಾದ್ರೆ ನಾನು ಹೇಳಿದ ಕಡೆಗೇ ಕರ್ಕೊಂಡು ಹೋಗ್ತೈತೆ’ ಎನ್ನುತ್ತಾಳೆ.

ಮರಿಗೆ ಊರು ಪರಿಚಯಿಸುವ ಕೆಲಸ ನನ್ನದಾಯಿತು. ತರಬೇತಿಯವರು ಹೇಳಿದ್ದಿಷ್ಟೆ. ಚುಚ್ಚುಮದ್ದುಗಳೆಲ್ಲ ಮುಗಿಯುವವರೆಗೆ ನೆಲಕ್ಕೆ ಇಳಿಸಬೇಡಿ, ಎತ್ತಿಕೊಂಡೇ ಬಸ್ಸು, ಬ್ಯಾಂಡು, ಜನಜಂಗುಳಿ ಎಲ್ಲ ತೋರಿಸಿ. ಹೆದರಿದರೆ ದೂರ ಬನ್ನಿ. ಸುಮ್ಮನಿದ್ದರೆ ಒಂದು ತುಣುಕು ತಿಂಡಿ ಕೊಡಿ. ಕಂಡವರೆಲ್ಲ ಮುದ್ದಿಸಲು ಬಿಡಬೇಡಿ. ಏಕೆಂದರೆ ಲೊಚಗುಟ್ಟಿದವರ ಕಡೆಗೆಲ್ಲ ತಿರುಗುವ ನಾಯಿ ನಾಳೆ ನಡುರಸ್ತೆಯಲ್ಲೂ ತಿರುಗುತ್ತದೆ, ಅದರ ಹಿಂದೆ ಶಾರದೆ ಇರುತ್ತಾಳೆ.

ಬಟ್ಟೆ ಚೀಲದಲ್ಲಿ ಮರಿಯನ್ನು ಎದೆಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ತಾಳ್ಯದ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಹತ್ತಿರ ಸರಿದಳು.

‘ಏನಪ್ಪ, ಗಂಡೋ ಹೆಣ್ಣೋ?’

‘ಹೆಣ್ಣು ಅಜ್ಜಿ,’ ಎಂದೆ. ಸುಳ್ಳೇನಲ್ಲವಲ್ಲ.

ಕೆನ್ನೆ ಹಿಂಡಲು ಚೀಲದೊಳಗೆ ಕೈ ಹಾಕಿಯೇಬಿಟ್ಟಳು. ‘ಅಯ್ಯೋ ಶಿವನೇ, ಕೂಸಿನ ಮೂಗು ತಣ್ಣಗೈತಲ್ಲೋ! ನೆಗಡಿ ಆಗೈತೆ, ತಲೆಗೆ ಟೋಪಿ ಹಾಕಬಾರ್ದಾ? ಇದರವ್ವ ಎಲ್ಲಿ?’

ಅದರವ್ವನ ವಿಷಯ ಹೇಳುವಷ್ಟರಲ್ಲಿ ಭೈರವಿ ತಲೆ ಹೊರಗೆ ಹಾಕಿದಳು. ಅಜ್ಜಿ ನನ್ನನ್ನು ನೋಡಿದ ನೋಟ ಯಾರಿಗೂ ಬೇಡ.

ಚುಚ್ಚುಮದ್ದು ಮುಗಿದು ಭೈರವಿ ನಡೆಯತೊಡಗಿದ ಮೇಲೆ, ಟೈಲರ್ ಹತ್ತಿರ ಅವಳಿಗೊಂದು ಕೆಂಪು ಅಂಗಿ ಹೊಲಿಸಿದೆ. ಮೇಲೆ ಬಿಳಿ ಅಕ್ಷರದಲ್ಲಿ, ‘ತರಬೇತಿಯಲ್ಲಿದೆ. ಕೇಳದೆ ಮುಟ್ಟಬೇಡಿ.’ ಸಮಸ್ಯೆ ಬಗೆಹರಿಯಿತೆಂದುಕೊಂಡೆ. ಹೊಳಲ್ಕೆರೆಯ ಸಂತೆಯಲ್ಲಿ ಒಬ್ಬ ಸದ್ಗೃಹಸ್ಥರು ಬಗ್ಗಿ, ನಾಯಿಯ ಬೆನ್ನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಒತ್ತಿ ಓದತೊಡಗಿದರು. ‘ಕೇ… ಳ… ದೆ… ಮು… ಟ್ಟ…’ ಬಾಲದ ತನಕ ಓದಿ ಮುಗಿಸಿ, ‘ಹೌದ್ರಿ, ಜನಕ್ಕೆ ಇಷ್ಟೂ ತಿಳಿಯಲ್ಲ ನೋಡ್ರಿ’ ಎಂದು ಭೈರವಿಯ ತಲೆ ಸವರಿ ಹೋದರು. ಓದುಬರಹ ಬಲ್ಲವರಿಂದಲೇ ಹೆಚ್ಚು ಅಪಾಯವೆಂದು ಅಂದು ತಿಳಿಯಿತು.

ಮಾರಿಕಣಿವೆ ಅಣೆಕಟ್ಟು ತೋರಿಸಿಕೊಂಡು ಬರುವಾಗ ಹಿರಿಯೂರಿನ ಚಹಾ ಅಂಗಡಿಯಲ್ಲಿ ಒಬ್ಬ ಬನ್ನು ಮುರಿದು ಎಸೆದ. ಬೇಡವೆಂದೆ. ‘ಮೂಕಪ್ರಾಣಿನ ಉಪವಾಸ ಕೆಡವ್ತೀರಲ್ರಿ, ಪಾಪ ತಟ್ಟಲ್ವಾ?’ ಎಂದ. ಅಷ್ಟರಲ್ಲಿ ಬೀದಿನಾಯಿಯೊಂದು ಬನ್ನಿನಾಸೆಗೆ ಬಂತು. ಅದೇ ಮಹಾಶಯ ಅದಕ್ಕೆ ಕಲ್ಲು ಬೀಸಿದ. ಅವನ ಕರುಣೆ ಅಂಗಿ ತೊಟ್ಟ ನಾಯಿಗಳಿಗೆ ಮಾತ್ರ ಮೀಸಲು. ನಾನು ಭೈರವಿಯನ್ನು ಎಳೆದುಕೊಂಡು ಬಸ್ಸು ಹತ್ತಿದೆ.

ಇಷ್ಟಾದರೂ ಭೈರವಿ ಕಲಿತಳು. ಮೊನ್ನೆ ಅವಳನ್ನು ಹೊಸದುರ್ಗಕ್ಕೆ ಕರೆದೊಯ್ದೆ. ಹಗ್ಗ ಹಿಡಿದು ನಾನು, ಪಕ್ಕದಲ್ಲಿ ಕೋಲು ಹಿಡಿದು ಶಾರದೆ, ಶಾಲೆಯ ದಾರಿಯಲ್ಲಿ ನಡೆದೆವು. ಯಾರೋ ಲೊಚಗುಟ್ಟಿದರು, ಭೈರವಿ ತಿರುಗಲಿಲ್ಲ. ಇನ್ಯಾರೋ ಬಿಸ್ಕತ್ತು ತೋರಿಸಿದರು, ಅದಕ್ಕೂ ಇಲ್ಲ. ನನಗೆ ಖುಷಿಯೋ ಖುಷಿ. ಇಡೀ ಜಿಲ್ಲೆಯಲ್ಲಿ ಮುಟ್ಟದೆ ಇರಬಲ್ಲವರು ನಾನು, ಭೈರವಿ ಇಬ್ಬರೇ ಎಂದು ಬೀಗುತ್ತಿದ್ದೆ.

ರಸ್ತೆ ದಾಟುವ ಜಾಗ ಬಂತು. ಭೈರವಿ ಕಲಿತಂತೆ ಕೂತಳು. ಶಾರದೆ ನಿಂತಳು. ದೂರದಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ನಾನು ಹಿಂದೆಮುಂದೆ ನೋಡದೆ ಶಾರದೆಯ ರಟ್ಟೆ ಹಿಡಿದು ಎಳೆದೇಬಿಟ್ಟೆ. ಅವಳ ಕೋಲು ಕೈಜಾರಿ ಬಿತ್ತು.

ಲಾರಿ ದಾಟಿಹೋಯಿತು. ಶಾರದೆ ಹೇಳಿದಳು: ‘ಅಣ್ಣ, ಲಾರಿ ಸದ್ದು ನಂಗೂ ಕೇಳ್ತೈತೆ. ಅದಕ್ಕೇ ನಿಂತಿದ್ದೆ. ಭೈರವಿನೂ ಕುಂತಾಳೆ. ಗಾಬರಿ ಬಿದ್ದೋನು ನೀನೊಬ್ನೇ.’

ಕೋಲು ಎತ್ತಿಕೊಟ್ಟೆ.

‘ಆ ಅಂಗಿ ಹೊಲಿದ ಟೈಲರ್ ಅಂಗಡಿ ಇನ್ನೂ ಐತಾ?’

‘ಐತೆ. ಯಾಕೆ, ಭೈರವಿಗೆ ಬಿಗಿ ಆಗೈತಾ?’

‘ಅವಳಿಗಲ್ಲ, ನನ್ನ ಅಳತೆಗೊಂದು ಹೊಲಿಸು. ಅಕ್ಷರ ದೊಡ್ಡದಾಗಿರ್ಲಿ, ನೀನೂ ಓದೋ ಹಂಗೆ.’

ಭೈರವಿ ಕೂತೇ ಇದ್ದಳು. ಜೇಬಿನಿಂದ ಒಂದು ತುಣುಕು ತೆಗೆದು ಅವಳಿಗೆ ಕೊಟ್ಟೆ. ನನಗೆ ಸಲ್ಲಬೇಕಾದ್ದನ್ನು ಶಾರದೆ ಆಗಲೇ ಕೊಟ್ಟಾಗಿತ್ತು.